ಮೂರನೇ ಜ್ವರ

"ವಿಮಾನ ನಿಮ್ಮ ಮನೆ ಹಂಚಿನ ಮೇಲೇ ಹೋಗುತ್ತೆ ಅಮ್ಮ," ಎಂದು ಬೆಂಗಳೂರಿನಿಂದ ಬಂದ ಅಧಿಕಾರಿ ನಕ್ಷೆಯಿಂದ ತಲೆಯೆತ್ತಿ ಆಕಾಶದಲ್ಲಿ ಬೆರಳಿನಿಂದ ಗೆರೆ ಎಳೆದ. ದೇವನಹಳ್ಳಿ ಕಡೆ ನಿಲ್ದಾಣವಾದರೆ, ಮೇಲೆದ್ದ ವಿಮಾನಗಳು ಶಿಡ್ಲಘಟ್ಟದ ಈ ಬದಿಗೆ ಹೊರಳುತ್ತವಂತೆ. ಇನ್ನೂ ಏನೂ ಗಟ್ಟಿಯಾಗಿರಲಿಲ್ಲ. ಗೆರೆಯ ಕೆಳಗಿರುವವರನ್ನು ಒಂದು ಮಾತು ಕೇಳಿ ಹೋಗಲು ಬಂದಿದ್ದ.

ಓಬಳಮ್ಮ ಹೊಸ್ತಿಲೊಳಗೇ ನಿಂತಿದ್ದಳು. ಅವನು ಜಗಲಿ ಹತ್ತಹೋದಾಗ ಪಕ್ಕದ ಮನೆಯ ವೆಂಕಟರಾಯಪ್ಪ ತಡೆದ. "ಒಳಕ್ಕೆ ಬ್ಯಾಡಿ ಸಾರ್. ರೇಷ್ಮೆಹುಳ ಮೂರನೇ ಜ್ವರಕ್ಕೆ ಕೂತವೆ."

"ಹುಳಕ್ಕೆ ಜ್ವರಾನಾ? ಡಾಕ್ಟ್ರಿಗೆ ತೋರಿಸಿದ್ರಾ?"

"ಆ ಜ್ವರ ಅಲ್ಲ ಸಾರ್. ಪೊರೆ ಬಿಡೋ ಮುಂಚೆ ಸೊಪ್ಪು ಬಿಟ್ಟು ಸುಮ್ಕೆ ಕೂರ್ತವೆ. ನಾವೇ ಈ ಮನೆ ಹೊಸ್ತಿಲು ತುಳಿದು ವರ್ಷಗಳಾದ್ವು."

ಗಂಡ ಹೋದ ಮೇಲೆ ಒಬ್ಬಳೇ ಆದ ಓಬಳಮ್ಮನದು ರೇಷ್ಮೆ ಬೆಳೆಯ ಹಿಂದೆ ಬೆಳೆ. ಹುಳವಿರುವ ಮನೆಗೆ ಹೊರಗಿನ ಕಾಲು ಬರಬಾರದು, ಒಗ್ಗರಣೆ ಸಿಡಿಯಬಾರದು, ದನಿ ಏರಬಾರದು. ದೇವರಿಗೂ ಅವಳು ಗಂಟೆಯಾಡಿಸದೆ ಕೈಮುಗಿಯುತ್ತಿದ್ದಳು. ಹುಳುಗಳು ಸೊಪ್ಪು ಮೇಯುವಾಗ ಎಲೆಯ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಮನೆಯಲ್ಲಿ ಅವಳಿಗಿದ್ದ ಮಾತುಕತೆ ಅಷ್ಟೇ. ಜ್ವರಕ್ಕೆ ಕೂತರೆ ಅದೂ ನಿಲ್ಲುತ್ತಿತ್ತು.

"ಅಕ್ಕ, ನಿನ್ನೆ ಹೇಳ್ಕೊಟ್ನಲ್ಲ, ಹೇಳಕ್ಕ," ಎಂದ ವೆಂಕಟರಾಯಪ್ಪ.

ಬಾಯಿ ತೆರೆದ ಓಬಳಮ್ಮ ಬೇರೆಯೇ ಕೇಳಿದಳು. "ಅದು ದಿನಾ ಹೋಗ್ತದಾ ಸ್ವಾಮಿ?"

"ದಿನಾ."

"ಹೊತ್ತು ಮುಳುಗಿದ್ಮೇಲೂ?"

"ರಾತ್ರಿಯೆಲ್ಲ. ಒಂದಾದ ಮೇಲೆ ಒಂದು."

ಅವಳು ಸೂರಿನ ಅಂಚಿಗೆ ಬಂದು, ಅವನು ಗೆರೆ ಎಳೆದ ಜಾಗವನ್ನು ಬಹಳ ಹೊತ್ತು ನೋಡಿದಳು. ವೆಂಕಟರಾಯಪ್ಪ ಕೆಮ್ಮಿದ. ಊರಿನ ಮನೆಮನೆಯಲ್ಲೂ ಹುಳವಿತ್ತು. ಎಲ್ಲರ ಅನ್ನವೂ ಅದೇ ಆಗಿತ್ತು.

"ಸದ್ದಿಗೆ ಹುಳ ಬೆದರ್ತವೆ ಸ್ವಾಮಿ, ಗೂಡು ಕಟ್ಟಲ್ಲ," ಎಂದಳು, ಕಲಿಸಿದಂತೆಯೇ. "ಊರು ಬದುಕಲ್ಲ."

ಅಧಿಕಾರಿ ತಲೆಯಾಡಿಸಿದ. "ಸರಿ, ವಿಮಾನದ ದಾರೀನ ಗುಡ್ಡದ ಆಚೆಗೆ ಸರಿಸಿ ಅಂತ ನಾನೇ ಹೇಳ್ತೀನಿ."

"ಆವಾಗ ಸದ್ದು ಇಲ್ಲಿಗೆ ಒಂಚೂರಾದ್ರೂ ಕೇಳಿಸ್ತದಾ?"

"ಒಂಚೂರೂ ಇಲ್ಲಮ್ಮ. ನಿಶ್ಚಿಂತೆಯಾಗಿರಿ."

ವೆಂಕಟರಾಯಪ್ಪನ ಮುಖ ಅರಳಿತು. ಜೀಪು ದಿಬ್ಬೂರಹಳ್ಳಿ ರಸ್ತೆಗೆ ತಿರುಗಿತು. ಅದರ ಸದ್ದು ಪೂರ್ತಿ ಕರಗುವವರೆಗೂ ಓಬಳಮ್ಮ ಸೂರಿನಡಿಯೇ ನಿಂತಿದ್ದು, ಆಮೇಲೆ ಒಳಗೆ ಬಂದು ಕದ ಮುಂದೆ ಮಾಡಿದಳು.

ಬಿದಿರಿನ ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿ, ದೂರದಿಂದ ಬರಬೇಕಾದ ಯಾವುದಕ್ಕೋ ಕಿವಿಗೊಟ್ಟಂತೆ, ಅಲುಗದೆ ಕೂತಿದ್ದವು.