ಐನಾರ್ ಊಟಕ್ಕೆ ಬಂದ ದಿನ

ಹಾಲ್ದೋರ್ ಬೂಟು ಹಾಕಿಕೊಂಡು ಹಗ್ಗ ಹುಡುಕುತ್ತಿದ್ದ. ಬಾಗಿಲಿಗೆ ಅಡ್ಡ ನಿಂತ ಹೆಂಡತಿ ಥೋರಾಳ ಭುಜ ಹಿಡಿದು ಸರಿಸುತ್ತ, "ದಾರಿ ಬಿಡೇ. ಐನಾರ್ ಇನ್ನೂ ಸರೋವರದಿಂದ ಬಂದಿಲ್ಲ. ಏಪ್ರಿಲ್ ತಿಂಗಳ ಮಂಜುಗಡ್ಡೆ ಅದು, ನಂಬೋ ಹಾಗಿಲ್ಲ," ಎಂದ.

"ಐನಾರ್ ಅಂತ ಯಾರೂ ಇಲ್ಲ ಮಾರಾಯ. ಅವನು ನನ್ನ ಕಾದಂಬರಿಯ ಹುಡುಗ. ನಾನು ಬರೆದಿದ್ದು. ನಮಗೆ ಮಕ್ಕಳೇ ಆಗಲಿಲ್ಲ, ಮರೆತೆಯಾ?"

ಹಾಲ್ದೋರ್ ಅವಳನ್ನೇ ದಿಟ್ಟಿಸಿದ. "ತಾಯಿ ಆದವಳು ಆಡೋ ಮಾತಾ ಇದು?" ಎಂದವನು ಬಾಗಿಲ ಬಳಿಯ ಬೆಂಚಿನ ಮೇಲೆ ಕುಸಿದು ಅಳತೊಡಗಿದ. ಈಚೆಗೆ ದಿನವೂ ಇದೇ ಪಾಡು. ಒಡಹುಟ್ಟಿದ ತಂಗಿಯ ಹೆಸರು ಮರೆತಿದ್ದ, ಒಲೆ ಆರಿಸುವುದು ಮರೆತಿದ್ದ. ಹುಟ್ಟದೇ ಇದ್ದ ಐನಾರ್ ಮಾತ್ರ ತಲೆಯಿಂದ ಹೋಗಿರಲಿಲ್ಲ.

ಹೋಗುವುದಾದರೂ ಹೇಗೆ? ಥೋರಾ ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದವನು ಅವನೇ, ಅದೂ ಗಟ್ಟಿಯಾಗಿ. ಸರೋವರದ ಮಂಜುಗಡ್ಡೆ ಕೊರೆದು ಮೀನಿನ ಬಲೆ ಎಳೆದು ಮನೆಗೆ ಬಂದವನು, ಸಕ್ಕರೆಯ ತುಂಡು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಕುಡಿದು, ಅಡುಗೆಮನೆಯ ಮೇಜಿನ ಮುಂದೆ ಅವಳ ಹಾಳೆ ಹಿಡಿದು ಕೂರುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುವಳು. ಅವನ ಬಾಯಲ್ಲಿ ತೊಡರಿದ ವಾಕ್ಯ ಅಚ್ಚಿಗೆ ಹೋಗುತ್ತಿರಲಿಲ್ಲ. ಐನಾರನೂ ಹೀಗೆ ಅವನ ಬಾಯಲ್ಲೇ ಹುಟ್ಟಿ, ತೊದಲಿ, ಶಾಲೆಗೆ ಹೋಗಿ, ಅಪ್ಪನ ಜೊತೆ ಜಗಳ ಕಾದು, ಒಂದು ವಸಂತದಲ್ಲಿ ಮಂಜುಗಡ್ಡೆ ಒಡೆದು ಮುಳುಗಿಹೋದ. "ಅವನನ್ನ ಬಿಟ್ಟುಬಿಡೇ, ನಮಗಿರೋದು ಅವನೊಬ್ಬನೇ," ಎಂದು ಆಗ ಹಾಲ್ದೋರ್ ನಗುತ್ತಲೇ ಕೇಳಿಕೊಂಡಿದ್ದ. ಥೋರಾ ಬಿಡಲಿಲ್ಲ. ಕಥೆಗೆ ಆ ಸಾವು ಬೇಕಿತ್ತು.

ಮಧ್ಯಾಹ್ನ ಪಕ್ಕದ ಮನೆಯ ಲಿಲ್ಯಾ ಹೆಚ್ಚಾಗಿ ಸಿಕ್ಕ ಮೀನು ಕೊಡಲು ಬಂದಳು. ಥೋರಾ ಅವಳ ಮುಂದೆ ಗೋಳು ತೋಡಿಕೊಂಡಳು.

"ಮಗ ಬರ್ತಾನೆ ಅಂತ ಹೇಳಿಬಿಡೇ ಅತ್ಲಾಗೆ. ಸುಳ್ಳು ಹೇಳಿ ತಾನೇ ನೀನು ಇಷ್ಟು ವರ್ಷ ಹೆಸರು ಮಾಡಿದ್ದು?"

"ಹೇಳಿ ನೋಡಿದೆ ಲಿಲ್ಯಾ. ಬಾಯಿ ಮಾತು ಅವನ ತಲೇಲಿ ನಿಲ್ಲಲ್ಲ."

"ಹಾಗಾದ್ರೆ ಬರಿ. ಮುಳುಗಿಸಿದವಳು ನೀನು, ಎತ್ತಿಕೊಂಡು ಬರೋಳೂ ನೀನೇ."

ಲಿಲ್ಯಾ ತಮಾಷೆಗೆ ಅಂದು ಹೋದಳು. ಥೋರಾಳಿಗೆ ಅದು ನಾಟಿತು. ಗಂಡನಿಗೆ ಸ್ನಾನ ಮಾಡಿಸಿ, ಅಂಗಿಯ ಗುಂಡಿ ಹಾಕಿ, ಅವನು ಹೊರಗೆ ಹೋಗದ ಹಾಗೆ ಕಾಯುವುದರಲ್ಲಿ ಅವಳು ಬರವಣಿಗೆ ಬಿಟ್ಟು ಬಹಳ ಕಾಲವಾಗಿತ್ತು. ಈಗ ಅವನು ಮಲಗಿರುವ ಹೊತ್ತಿನಲ್ಲಿ, ಒಂದು ಕಿವಿ ಬಾಗಿಲ ಕಡೆಗಿಟ್ಟು, ಕದ್ದು ಕದ್ದು ಬರೆದಳು. ವಿಮರ್ಶಕರು ಏನಂದಾರು ಎಂಬ ಯೋಚನೆಯಿಲ್ಲದೆ ಅವಳು ಬರೆದದ್ದು ಅದೇ ಮೊದಲು.

ಬರೆದು ಮುಗಿದ ಮಧ್ಯಾಹ್ನ, ಕಾಫಿಯಾದ ಮೇಲೆ ಹಾಳೆಗಳನ್ನು ಅವನ ಮುಂದಿಟ್ಟಳು. ಹಾಲ್ದೋರ್ ಕನ್ನಡಕ ಏರಿಸಿ ಓದತೊಡಗಿದ. ಬೆಳಿಗ್ಗೆ ತನ್ನ ಅಂಗಿಗೆ ಏನನ್ನುತ್ತಾರೆ ಎಂದು ತಡಕಾಡಿದ್ದವನ ದನಿ ಓದುವಾಗ ಎಲ್ಲೂ ತಡವರಿಸಲಿಲ್ಲ. ಕಥೆಯಲ್ಲಿ ಐನಾರ್ ಬಾಗಿಲು ತೆರೆದ. ಬೂಟಿನ ಹಿಮ ಕೊಡವಿ, "ತಡವಾಯ್ತು, ಬೇಜಾರು ಮಾಡ್ಕೋಬೇಡಪ್ಪ," ಎಂದ. ಮೂವರೂ ಕೂತು ಹುರಿದ ಮೀನು ಉಂಡರು. "ಏಪ್ರಿಲ್‌ನಲ್ಲಿ ಇನ್ನು ಸರೋವರಕ್ಕೆ ಇಳೀಬೇಡ," ಎಂದ ಅಪ್ಪನಿಗೆ, "ಇಳಿಯಲ್ಲಪ್ಪ," ಎಂದ. ಹಾಲ್ದೋರನ ಮುಖ ಅರಳಿತು. ಥೋರಾಳ ಎದೆ ಹಗುರಾಯಿತು.

ಆಮೇಲೆ ಅವನ ದನಿ ನಿಧಾನವಾಯಿತು. ಕೊನೆಯ ಹಾಳೆ ಮುಟ್ಟದೆ ಕನ್ನಡಕ ತೆಗೆದಿಟ್ಟ.

"ಯಾಕೆ? ಚೆನ್ನಾಗಿಲ್ವಾ?" ಎಂದಳು ಥೋರಾ.

"ಇವನು ನನಗೆ ಒಂದು ಮಾತೂ ಎದುರಾಡಿಲ್ಲ ಕಣೇ."

"ವಯಸ್ಸಾಯ್ತಲ್ಲ, ಬುದ್ಧಿ ಬಂದಿದೆ ಅಂದ್ಕೋ."

"ಯಾರಿಗೆ, ಐನಾರ್‌ಗಾ?" ಹಾಲ್ದೋರ್ ತಲೆಯಾಡಿಸಿದ. "ಇಳೀಬೇಡ ಅಂದ್ರೆ ಇಳಿಯಲ್ಲ ಅಂತಾನಾ ಅವನು? ತಟ್ಟೆ ತಳ್ಳಿ, ಬಾಗಿಲು ಬಡಿದು ಹೋಗೋನು." ಹಾಳೆಗಳನ್ನು ಜೋಡಿಸಿ ಅವಳ ಕಡೆ ಸರಿಸಿದ. "ಮುಳುಗಿ ಹೋಗಿಬಿಟ್ಟಿದ್ದಾನೆ, ಅಲ್ವಾ? ಅದಕ್ಕೇ ಅವನನ್ನ ಇಷ್ಟು ಒಳ್ಳೆಯವನನ್ನಾಗಿ ಮಾಡಿದ್ದೀಯ."

ಬದುಕೆಲ್ಲ ಸುಳ್ಳು ಹೆಣೆದವಳಿಗೆ ಆಗ ಒಂದೂ ಹೊಳೆಯಲಿಲ್ಲ. "ಹೌದು," ಎಂದಳು.

ಅವನು ಬೂಟು ಹುಡುಕಲಿಲ್ಲ, ಕೂಗಾಡಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳ ಹಳೆಯ ಗಂಡನಾಗಿ ಅವಳ ಕಡೆ ತಿರುಗಿ, "ಅವನು ಹೋದ ದಿನ ನೀನು ಅತ್ತಿದ್ದೆಯಾ?" ಎಂದು ಕೇಳಿದ.

ಆ ಅಧ್ಯಾಯ ಮುಗಿದ ದಿನ ಥೋರಾ ಕುಣಿದಾಡಿದ್ದಳು. ಇಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ ಎಂಬ ಸಂತೋಷಕ್ಕೆ ಹಬ್ಬದ ಕೇಕು ಮಾಡಿ ಬೀದಿಗೆಲ್ಲ ಹಂಚಿದ್ದಳು.

"ಇಲ್ಲ," ಎಂದಳು.

"ಹಾಗಾದ್ರೆ ಈಗ ಅಳು," ಎಂದ ಹಾಲ್ದೋರ್, ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು.