ನೆಲಮಹಡಿ

ಬಡಾವಣೆಯ ತುದಿಯಲ್ಲಿ ಕಡಿಮೆ ಬೆಲೆಯ ಮನೆಗಳ ಹೊಸ ಕಟ್ಟಡ ಎದ್ದು ನಿಂತಿತ್ತು. ಲಿಫ್ಟ್ ಇರಲಿಲ್ಲವಾದ್ದರಿಂದ ಎಲ್ಲರ ಕಣ್ಣೂ ನೆಲಮಹಡಿಯ ಮೇಲೆಯೇ. ಸಾವಂತ್ರಿ ಮನೆ ಹಂಚುವ ಅಧಿಕಾರಿಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಮ್ಮೆಜಮಾನ್ರಿಗೆ ಎರಡೂ ಕಾಲು ಹೋಗಿವೆ ಸ್ವಾಮಿ" ಎಂದುಬಿಟ್ಟಳು. ಲಾರಿ ಓಡಿಸುವ ಗಂಡ ಆಗ ಯಾವುದೋ ದೂರದ ಊರಿನ ಹೆದ್ದಾರಿಯಲ್ಲಿದ್ದ. ನೆಲಮಹಡಿಯ ಮನೆ ಸಿಕ್ಕಿತು.

ಹಾಲುಕ್ಕಿಸಿದ ಮರುದಿನ ಬಾಗಿಲು ತೆರೆದರೆ, ಮೇಲಿನ ಮನೆಗೆ ಬಂದ ಚೆನ್ನಾಜಮ್ಮ ಎಂಬ ಮುದುಕಿ ನೀರಿನ ಬಿಂದಿಗೆಯನ್ನು ಒಂದೊಂದೇ ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ನೋಯುವ ಕಾಲನ್ನು ಎಳೆದುಕೊಂಡು ಹತ್ತುತ್ತಿದ್ದಳು. ಸಾವಂತ್ರಿ ಓಡಿಹೋಗಿ ಬಿಂದಿಗೆ ತಲುಪಿಸಿ ಬಂದಳೇನೋ ನಿಜ, ಆದರೆ ಮಧ್ಯಾಹ್ನ ಬಡಿಸಿಕೊಂಡ ಅನ್ನವನ್ನು ಹಾಗೆಯೇ ಮುಚ್ಚಿಟ್ಟಳು. ಸಂಜೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣವೆಂದು ಮೇಲೆ ಹೋದಳು.

"ಅಮ್ಮಾ, ಕೆಳಗಿನ ಮನೆ ನಿಮಗೆ ಬರಬೇಕಾಗಿತ್ತು. ನಾನು..."

"ನಂಗೇ ಬಂದಿತ್ತು ಕಣವ್ವ." ಚೆನ್ನಾಜಮ್ಮ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ ಗಂಡನ ಸುದ್ದಿ ಕೇಳಿ ನಾನೇ ಬಿಟ್ಟುಕೊಟ್ಟೆ. ನಂಗೆ ನೋಯೋಕಾದ್ರೂ ಕಾಲು ಅವೆಯಲ್ಲ."