ಸಿಟ್ಟು ಸೊನ್ನೆ

ಸಿಟ್ಟು ಸೊನ್ನೆ ಇದ್ದವರಿಗೆ ಮಾತ್ರ ಗಾರ್ಮೆಂಟ್ಸಿನಲ್ಲಿ ಕೆಲಸ. ಅದಕ್ಕೇ ಪುಟ್ಟಮಾದಮ್ಮ ಒಂದು ವರ್ಷದಿಂದ ದಿನಾ ಬೆಳಿಗ್ಗೆ, ಕಾಫಿಗೂ ಮೊದಲು, ಮಗಳು ರೋಹಿಣಿಯನ್ನು ಎದುರಿಗೆ ಕೂರಿಸಿಕೊಂಡು ಬೈಯುತ್ತಿದ್ದಳು. ತನ್ನ ಬಾಯಿ ಸೋತ ದಿನ ಪಕ್ಕದ ಮನೆಯ ಗೌರಮ್ಮನನ್ನು ಕರೆಯುತ್ತಿದ್ದಳು. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಪಾಠ.

ಇವತ್ತು ಗಾರ್ಮೆಂಟ್ಸಿನ ಆಫೀಸಿನಲ್ಲಿ ಪರೀಕ್ಷೆಯ ಕೊನೆಯ ಸುತ್ತು. ಹೆತ್ತವರೇ ಬೈಯಬೇಕು. ರೋಹಿಣಿಯ ಬೆರಳಿಗೆ ಕ್ಲಿಪ್ಪು ಹಾಕಿದ್ದರು. ಅವಳ ಮನಸ್ಸು ಸ್ವಲ್ಪ ಕದಡಿದರೂ ಮೇಜಿನ ಮೇಲಿನ ಯಂತ್ರದ ಮುಳ್ಳು ಅಲುಗುತ್ತದೆ. ಪುಟ್ಟಮಾದಮ್ಮ ಮನೆಯಲ್ಲಿ ಬೈಯುವುದನ್ನೆಲ್ಲ ಬೈದಳು.

"ಇವೆಲ್ಲ ಮಾಮೂಲಿ. ನೋಯೋ ಥರ ಏನಾದ್ರೂ ಹೇಳಮ್ಮ," ಎಂದ ಆಫೀಸರು, ಗಡಿಯಾರ ನೋಡುತ್ತ.

ಪುಟ್ಟಮಾದಮ್ಮ ಹತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟಳು. "ನಿನ್ನ ಎತ್ತಕ್ಕೆ ಅಂತ ಕೆರೆಗಿಳಿದೇ ನಿಮ್ಮಪ್ಪ ಸತ್ತಿದ್ದು ಕಣೇ. ಅವತ್ತು ನೀನೇ ಮುಳುಗೋಗಿದ್ರೆ ಚೆನ್ನಾಗಿರೋದು."

ಮುಳ್ಳು ಅಲುಗಲಿಲ್ಲ.

"ಪಾಸು. ಸೋಮವಾರದಿಂದ ಬರ್ಲಿ," ಎಂದು ಆಫೀಸರು ಸೀಲು ಒತ್ತಿದ.

ಪುಟ್ಟಮಾದಮ್ಮ ಓಡಿಹೋಗಿ ಮಗಳನ್ನು ತಬ್ಬಿಕೊಂಡಳು. "ಸುಳ್ಳು ಕಣವ್ವ, ಎಲ್ಲಾ ಸುಳ್ಳು. ನೀನೇ ನನ್ನ ಜೀವ," ಎಂದು ಅವಳ ಕೆನ್ನೆ ಸವರುತ್ತ ಅತ್ತಳು. ಬೈಸಿಕೊಳ್ಳುವಾಗ ನಗಬೇಕೆಂದು ಅಮ್ಮ ಕಲಿಸಿಕೊಟ್ಟ ಹಾಗೆಯೇ ರೋಹಿಣಿ ನಗುತ್ತಿದ್ದಳು.

ಕ್ಲಿಪ್ಪು ಇನ್ನೂ ಬೆರಳಿನಲ್ಲೇ ಇತ್ತು. ಮಗಳ ಹೆಗಲ ಮೇಲಿಂದ ಪುಟ್ಟಮಾದಮ್ಮ ಮೇಜಿನತ್ತ ನೋಡಿದಳು.

ಮುಳ್ಳು ಸೊನ್ನೆಯಲ್ಲೇ ಇತ್ತು.